ನಾಯಿಯ ತುರಿಕೆ, ಲಾಡಿಹುಳು: ಎರಡಕ್ಕೂ ಚಿಗಟವೇ ಮೂಲ

(ತಿಪಟೂರು ತಾಲ್ಲೂಕಿನ ಹಾಲು ಉತ್ಪಾದಕರ ಸಭೆಯೊಂದರಲ್ಲಿ ಪಶುವೈದ್ಯರು ಮಾಡಿದ ಭಾಷಣ)



ಹಾಲಿನ ಸಭೆಯಲ್ಲಿ ನಾಯಿಯ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ತೋಟ, ಕೊಟ್ಟಿಗೆ, ಕೊಬ್ಬರಿ ಅಟ್ಟ ಮೂರನ್ನೂ ಕಾಯುವುದು ಅದೇ. ಅದರ ಮೈಮೇಲಿನ ಚಿಗಟ ಕರುವಿಗೂ ಮೇಕೆಮರಿಗೂ ಹತ್ತಿ ರಕ್ತ ಹೀರುತ್ತದೆ. ಚಿಗಟ ಅಕಸ್ಮಾತ್ ಮಗುವಿನ ಬಾಯಿಗೆ ಹೋದರೆ ನಾಯಿಯ ಲಾಡಿಹುಳು ಮಗುವಿಗೂ ಬರುತ್ತದೆ.

ಚಿಗಟ ಕಚ್ಚುವಾಗ ಅದರ ಎಂಜಲು ಚರ್ಮಕ್ಕೆ ಸೇರುತ್ತದೆ. ಕೆಲವು ನಾಯಿಗಳಿಗೆ ಇದು ಒಗ್ಗುವುದಿಲ್ಲ. ನಾಲ್ಕೈದು ಚಿಗಟ ಕಚ್ಚಿದರೂ ಸಾಕು, ಬಾಲದ ಬುಡ, ಸೊಂಟ, ಹಿಂದೊಡೆಗಳನ್ನು ಕಚ್ಚಿಕೊಂಡು ಕೂದಲುದುರಿ ಹುಣ್ಣಾಗುತ್ತದೆ. ಇದನ್ನು ಕಜ್ಜಿ ಎಂದು ತಿಳಿದು ತೆಂಗಿಗೆ ಬಳಸುವ ಕೀಟನಾಶಕವನ್ನು ದಯವಿಟ್ಟು ಬಳಿಯಬೇಡಿ. ನಾಯಿ ಮೈ ನೆಕ್ಕಿ ವಿಷವೇರಿ ಸಾಯಬಹುದು.

ಹೀಗೆ ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟವನ್ನೂ ನುಂಗುತ್ತದೆ. ಲಾಡಿಹುಳುವಿನ ಮರಿ ಇರುವುದು ಆ ಚಿಗಟದ ಹೊಟ್ಟೆಯಲ್ಲೇ. ಸುಮಾರು ಮೂರು ವಾರದಲ್ಲಿ ಹುಳು ಕರುಳಿನಲ್ಲಿ ಬೆಳೆದು, ಅಕ್ಕಿಕಾಳಿನಂಥ ತುಂಡುಗಳು ಮಲದಲ್ಲಿ, ಬಾಲದಡಿಯಲ್ಲಿ ಕಾಣುತ್ತವೆ. ತುಂಡಿನೊಳಗಿನ ಮೊಟ್ಟೆಗಳನ್ನು ನೆಲದ ಮೇಲಿರುವ ಚಿಗಟದ ಮರಿ ತಿನ್ನುತ್ತದೆ. ಮತ್ತೆ ಅದೇ ಸುತ್ತು.

ಔಷಧಿ ಇದೆ. ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಒಂದು ಕಿಲೋ ತೂಕಕ್ಕೆ 5 ಮಿಲಿಗ್ರಾಂನಂತೆ, ಅಂದರೆ 10 ಕಿಲೋ ನಾಯಿಗೆ 50 ಮಿಲಿಗ್ರಾಂ ಕೊಡಬೇಕು. ಕರುವಿಗೆಂದು ತಂದ ಜಂತು ಔಷಧಿಯನ್ನು ಇದಕ್ಕೆ ನೆಚ್ಚಬೇಡಿ.

"ಸಾರ್, ಮಾತ್ರೆ ಹಾಕಿ ತಿಂಗಳಾಗಿಲ್ಲ, ಮತ್ತೆ ಅಕ್ಕಿಕಾಳು ಬಿದ್ದಿದೆ" ಎಂದು ಬರುವವರು ಹಲವರು. ತಪ್ಪು ಮಾತ್ರೆಯದಲ್ಲ. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಚಿಗಟವನ್ನಲ್ಲ. ಚಿಗಟದ ಮೊಟ್ಟೆ, ಮರಿ, ಗೂಡುಗಳಲ್ಲಿ ಬಹುಪಾಲು ಇರುವುದು ನಾಯಿ ಮಲಗುವ ಜಾಗದಲ್ಲಿ. ನಮ್ಮ ಕಡೆ ಅದು ಕಾಯಿಸಿಪ್ಪೆಯ ರಾಶಿ, ಗರಿ ಚಪ್ಪರದ ನೆರಳು, ಅಟ್ಟದ ಕೆಳಗಿನ ದೂಳು.

ಆದ್ದರಿಂದ ಮೂರು ಕೆಲಸ ಒಟ್ಟಿಗೆ ಆಗಬೇಕು:

1. ಮಾತ್ರೆ ಕೊಟ್ಟ ದಿನವೇ ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಚಿಗಟದ ಔಷಧಿ ಹಾಕಿಸಿ. ನಾಯಿಯ ಕೆಲವು ಔಷಧಿಗಳು ಬೆಕ್ಕಿಗೆ ವಿಷ. ವೈದ್ಯರನ್ನು ಕೇಳಿಯೇ ಹಾಕಿ.

2. ಮಲಗುವ ಜಾಗವನ್ನು ವಾರಕ್ಕೊಮ್ಮೆ ಗುಡಿಸಿ, ಕಸ ಸುಡಿ. ಗೋಣಿಚೀಲವನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ.

3. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಬದುಕಬಲ್ಲದು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ.

ಚಿಕ್ಕನಾಯಕನಹಳ್ಳಿ ಕಡೆಯ ಕುರಿ ಸಾಕುವ ಬಂಧುಗಳಿಗೆ ಇನ್ನೊಂದು ಮಾತು. ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಿ. ಅದರಿಂದ ನಾಯಿಗೆ ಬೇರೊಂದು ಲಾಡಿಹುಳು ಬರುತ್ತದೆ. ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ನಮ್ಮ ಈಲಿಯಲ್ಲೂ ಅಂಥದೇ ಗುಳ್ಳೆ ಬೆಳೆಯುತ್ತದೆ. ನಾಯಿ ಮುಟ್ಟಿದ ಮೇಲೆ, ಹಾಲು ಕರೆಯುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಇಂದು ಮನೆಗೆ ಹೋದ ಕೂಡಲೇ ನಾಯಿಯ ಬಾಲ ಎತ್ತಿ ನೋಡಿ.