ಬೇರೆ ಬಗೆಯ ಮಿದುಳನ್ನು ಓದುವ ವಿದ್ಯೆ

ವಿಜ್ಞಾನ ಓದುತ್ತಿರುವ ನಿಮ್ಮ ಮಗಳು, “ನರವಿಜ್ಞಾನದಲ್ಲಿ ಡಾಕ್ಟರೇಟ್ ಮಾಡುತ್ತೇನೆ; ಆಟಿಸಂ ಇರುವ ಮಕ್ಕಳ ಮಿದುಳು ಹೇಗೆ ಬೆಳೆಯುತ್ತದೆಂದು ತಿಳಿಯುತ್ತೇನೆ” ಎಂದರೆ ನೀವು ಏನೆನ್ನುವಿರಿ? “ಮತ್ತೆ ಐದಾರು ವರ್ಷವೆ? ಅದರಿಂದ ಯಾರಿಗೇನು ಲಾಭ?” ಎಂದು ಕೇಳುವವರೇ ಹೆಚ್ಚು. ಕೇಳತಕ್ಕ ಪ್ರಶ್ನೆಯೇ ಹೌದು. ಉತ್ತರವನ್ನು ಈ ವಿದ್ಯೆಯ ಚರಿತ್ರೆಯಲ್ಲಿಯೇ ಹುಡುಕೋಣ.

ಕೆಲವು ಮಕ್ಕಳ ಮಿದುಳು ಎಳವೆಯಿಂದಲೇ ತುಸು ಬೇರೆ ದಾರಿಯಲ್ಲಿ ಬೆಳೆಯುತ್ತದೆ. ಮಾತು ತಡವಾಗಬಹುದು, ಒಂದೇ ಆಟವನ್ನು ಮಗು ಮತ್ತೆ ಮತ್ತೆ ಆಡುತ್ತಿರಬಹುದು. 1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕ್ಯಾನರ್ ಇಂಥ 11 ಮಕ್ಕಳ ವಿವರವನ್ನು ಪ್ರಕಟಿಸಿದರು. ಮುಂದೆ ಒಂದು ಅನ್ಯಾಯ ನಡೆಯಿತು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂದು ಬಲ್ಲವರೆನಿಸಿಕೊಂಡವರೇ ಹೇಳಿದರು. ಮೊದಲೇ ನೊಂದ ತಾಯಿಗೆ ಈ ಅಪವಾದ ಬೇರೆ!

ಆ ಹೊರೆಯನ್ನು ಇಳಿಸಲು ನೆರವಾದದ್ದು ತಾಳ್ಮೆಯ ಎಣಿಕೆ. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ ಬ್ರಿಟನ್ನಿನ 21 ಅವಳಿ ಜೋಡಿಗಳ ಅಧ್ಯಯನವನ್ನು ಪ್ರಕಟಿಸಿದರು. ಪ್ರತಿ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ ಇತ್ತು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಇತ್ತು. ಬೇರೆ ಬೇರೆ ಅಂಡದಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ತಾಯಿಯ ಪ್ರೀತಿಯೇ ಕಾರಣವಾಗಿದ್ದರೆ ಅವಳಿಗಳ ಬಗೆಗೆ ತಕ್ಕಂತೆ ಈ ಭೇದ ಏಕೆ ಬರಬೇಕು? ವಂಶವಾಹಿಗಳ ಪಾತ್ರ ದೊಡ್ಡದೆಂದು ಅನಂತರದ ಅಧ್ಯಯನಗಳೂ ದೃಢಪಡಿಸಿದವು.

ಇನ್ನು ಡಾಕ್ಟರೇಟಿನ ಮಾತು. ಯೂಟಾ ಫ್ರಿತ್ ಜರ್ಮನಿಯಿಂದ ಲಂಡನ್ನಿಗೆ ಹೋದ ವಿದ್ಯಾರ್ಥಿನಿ. ಅಲ್ಲಿ ಇಂಥ ಮಕ್ಕಳನ್ನು ಕಂಡು, ಅವರನ್ನು ಕುರಿತೇ ಸಂಶೋಧನೆ ನಡೆಸಿ 1968ರಲ್ಲಿ ಪದವಿ ಪಡೆದರು. 17 ವರ್ಷಗಳ ಮೇಲೆ, 1985ರಲ್ಲಿ, ತಮ್ಮ ಶಿಷ್ಯ ಸೈಮನ್ ಬ್ಯಾರನ್-ಕೊಹೆನ್ ಹಾಗೂ ಅಲನ್ ಲೆಸ್ಲಿಯವರೊಡನೆ ಒಂದು ಬೊಂಬೆಯಾಟದ ಪರೀಕ್ಷೆಯನ್ನು ಪ್ರಕಟಿಸಿದರು. ಸ್ಯಾಲಿ ಎಂಬ ಬೊಂಬೆ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಆ್ಯನ್ ಎಂಬ ಬೊಂಬೆ ಅದನ್ನು ಪೆಟ್ಟಿಗೆಯಲ್ಲಿಡುತ್ತದೆ. ಮರಳಿ ಬಂದ ಸ್ಯಾಲಿ ಎಲ್ಲಿ ಹುಡುಕುತ್ತಾಳೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ಗೋಲಿ ನಿಜವಾಗಿ ಇದ್ದ ಜಾಗವನ್ನೇ ತೋರಿಸಿದರು. ತಮಗೆ ಗೊತ್ತಿದ್ದುದು ಸ್ಯಾಲಿಗೆ ಗೊತ್ತಿಲ್ಲವೆಂದು ಊಹಿಸುವುದು ಅವರಿಗೆ ಕಷ್ಟವಾಗಿತ್ತು. ನಾವು ಮೊಂಡತನವೆಂದು ಗದರುವ ನಡತೆಯ ಹಿಂದೆ ಇಂಥ ತೊಡಕು ಇರಬಹುದಲ್ಲವೆ? ಉಳಿದ ನಾಲ್ವರು ಸರಿಯಾಗಿಯೇ ಉತ್ತರಿಸಿದರೆಂಬುದನ್ನೂ ಮರೆಯಬಾರದು. ಈ ಮಕ್ಕಳೆಲ್ಲ ಒಂದೇ ಅಚ್ಚಿನವರಲ್ಲ.

ಬೇಗನೆ ಔಷಧ ಕಂಡುಹಿಡಿಯುವೆನೆಂದು ಹೊರಡುವವರಿಗೆ ಒಂದು ಎಚ್ಚರಿಕೆ ಉಂಟು. ಫ್ರಜೈಲ್ ಎಕ್ಸ್ ಎಂಬ ಹುಟ್ಟುಸ್ಥಿತಿಯ ವಂಶವಾಹಿ 1991ರಲ್ಲಿ ದೊರೆಯಿತು. ಇಲಿಗಳಲ್ಲಿ ಆಸೆ ಹುಟ್ಟಿಸಿದ ಔಷಧವೊಂದು ಮನುಷ್ಯರಲ್ಲಿ ಫಲ ಕೊಡಲಿಲ್ಲ. 2014ರಲ್ಲಿ ಆ ಯತ್ನ ನಿಂತಿತು. ಈ ದಾರಿಯಲ್ಲಿ ಸೋಲೂ ಪಾಠವೇ.

ಇದನ್ನು ಕಲಿಯಲು ಕಡಲು ದಾಟಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಿಂದ ನರವಿಜ್ಞಾನ ಕೇಂದ್ರವಿದೆ. ಆದ್ದರಿಂದ ನಿಮ್ಮ ಮಗಳನ್ನು “ಎಷ್ಟು ವರ್ಷ?” ಎಂದಷ್ಟೇ ಕೇಳಬೇಡಿ, “ಯಾವ ಪ್ರಶ್ನೆ?” ಎಂದೂ ಕೇಳಿ. ಪ್ರಶ್ನೆ ಚಿಕ್ಕದಾಗಿದ್ದು, ಅದರೊಡನೆ ವರ್ಷಗಟ್ಟಲೆ ಕೂರುವ ತಾಳ್ಮೆ ಅವಳಲ್ಲಿದ್ದರೆ, ಸಂತೋಷದಿಂದ ಕಳುಹಿಸಿಕೊಡಿ.