ಸೆಲ್ಫ್ ಟಾಟ್ ಅಂದ್ರೆ ಯಾರು ಕಲಿಸಿದ್ದು?



ಪುಣೆಯಲ್ಲಿ ಕೆಲಸ ಮಾಡೋ ಐದು ಜನ ಕನ್ನಡಿಗರ ಒಂದು ಬ್ಯಾಂಡ್ ಇದೆ. ನಾನು ಅದರಲ್ಲಿ ಹಾಡ್ತೀನಿ. ನಮ್ಮದು ಅಂತ ಸ್ವಂತ ಹಾಡು ಒಂದೂ ಇಲ್ಲ. ರಾಜನ್-ನಾಗೇಂದ್ರ, ಹಂಸಲೇಖ, ಇಳಯರಾಜ, ಅರ್ಜುನ್ ಜನ್ಯ ಇವರೆಲ್ಲ ಮಾಡಿಟ್ಟಿರೋ ಹಾಡುಗಳನ್ನ ರಾಜ್ಯೋತ್ಸವಕ್ಕೆ, ಗಣೇಶನ ಹಬ್ಬಕ್ಕೆ, ಅಪಾರ್ಟ್‌ಮೆಂಟ್ ಕಾರ್ಯಕ್ರಮಕ್ಕೆ ನುಡಿಸ್ತೀವಿ. ಇಲ್ಲಿ ಇದಕ್ಕೆ ಕವರ್ ಬ್ಯಾಂಡ್ ಅಂತಾರೆ. ನಮ್ಮೂರುಗಳಲ್ಲಿ ಆರ್ಕೆಸ್ಟ್ರಾ ಅಂತಿದ್ರು, ಕರಪತ್ರದಲ್ಲಿ "ರಸಮಂಜರಿ" ಅಂತ ದಪ್ಪ ಅಕ್ಷರದಲ್ಲಿ ಇರ್ತಿತ್ತು. ಕೆಲಸ ಅದೇ.

ಇವತ್ತು ನಾನು ಹಾಡುಗಳ ಬಗ್ಗೆ ಮಾತಾಡಲ್ಲ. ಆ ಐದು ಜನ ಸಂಗೀತವನ್ನ ಎಲ್ಲಿಂದ ತಂದ್ರು, ಅದನ್ನ ಹೇಳಿಕೊಳ್ಳೋದು ಯಾರಿಗೆ ಸುಲಭ, ಯಾರಿಗೆ ಕಷ್ಟ, ಅಷ್ಟೇ ವಿಷಯ.

ಮೊದಲು ಒಂದು ತಮಾಷೆ ಹೇಳ್ತೀನಿ. ಒಂದು ಹಾಡಿಗೆ ಶ್ರುತಿ ಗೊತ್ತು ಮಾಡ್ಬೇಕಿತ್ತು. ಕೀಬೋರ್ಡ್ ನುಡಿಸೋ ಅಕ್ಕ "ಸಿ ಶಾರ್ಪ್" ಅಂದ್ರು. ಹಾರ್ಮೋನಿಯಂ ನುಡಿಸೋ ನಮ್ಮ ಧಾರವಾಡದ ಕಾಕಾ "ಅಲ್ರೀ, ಕಾಳಿ ಒಂದು" ಅಂದ್ರು. ನಾನು ಮೈಸೂರಲ್ಲಿ ಒಂದಿಷ್ಟು ಕರ್ನಾಟಕ ಸಂಗೀತ ಕಲಿತವನು, "ಒಂದೂವರೆ ಮನೆ" ಅಂದೆ. ಗಿಟಾರ್ ಹುಡುಗ ಏನೂ ಮಾತಾಡದೆ ಕ್ಯಾಪೋವನ್ನ ಒಂದನೇ ಫ್ರೆಟ್‌ಗೆ ಸಿಕ್ಕಿಸಿದ. ನಾಲ್ಕೂ ಒಂದೇ ಸ್ವರ. ಹೆಸರು ಮಾತ್ರ ಬೇರೆ ಬೇರೆ. ಡ್ರಮ್ಸ್ ನುಡಿಸೋ ಹುಡುಗ ನಮ್ಮನ್ನೆಲ್ಲ ನೋಡಿ, "ಅಣ್ಣಾ, ಜಗಳ ಮುಗಿದ್ಮೇಲೆ ಹೇಳಿ, ಹೊಡೀತೀನಿ" ಅಂದ.

ಆ ಒಂದು ಸ್ವರಕ್ಕೆ ನಾಲ್ಕು ಹೆಸರು ಯಾಕೆ ಅಂದ್ರೆ, ನಾವು ನಾಲ್ಕು ಬೇರೆ ಬೇರೆ ಮನೆಗಳಲ್ಲಿ ಸಂಗೀತ ಕೇಳಿ ಬೆಳೆದವರು. ಅಕ್ಕ ಮಂಗಳೂರಿನವರು, ಮನೆಮಾತು ಕೊಂಕಣಿ. ಇಗರ್ಜಿಯ ಗಾಯನ ವೃಂದದಲ್ಲಿ ಬೆಳೆದವರು. ಒಂದು ರಾಗ ಕೇಳಿದ್ರೆ ಅವರ ಕಿವಿಗೆ ಅದರ ಕೆಳಗೆ ಇನ್ನೂ ಮೂರು ದನಿ ಕೇಳಿಸುತ್ತೆ. ನಾವು ಹಾಡನ್ನ ಒಂದು ಗೆರೆ ಅಂತ ಕೇಳಿದ್ರೆ, ಅವರು ಅದನ್ನ ನಾಲ್ಕು ದನಿಗಳ ಗೋಡೆ ಅಂತ ಕೇಳ್ತಾರೆ. ಕಾಕಾ ಅವರದು ತಿರುಗಾ ಮುರುಗಾ. ಹಾಡೋನು ಎಲ್ಲಿ ಉಸಿರು ತಗೊಳ್ತಾನೆ ಅಂತ ನೋಡಿಕೊಂಡು, ಆ ಸಂದಿಯಲ್ಲಿ ಎರಡು ಸ್ವರ ತುಂಬಿಸ್ತಾರೆ. ನನಗೆ ಸಾಲು ಮರೆತ್ರೆ ನೆನಪು ಬರೋವರೆಗೂ ಅವರ ಬೆರಳು ಆಡ್ತಾ ಇರುತ್ತೆ. ಇಬ್ಬರದೂ ಅದೇ ಕಪ್ಪು-ಬಿಳಿ ಮನೆಗಳು, ಆದ್ರೆ ಕೆಲಸವೇ ಬೇರೆ.

ಈಗ ವಿಷಯಕ್ಕೆ ಬರ್ತೀನಿ. ಕಳೆದ ರಾಜ್ಯೋತ್ಸವಕ್ಕೆ ಆಯೋಜಕರು ಎಲ್ಲರ ಪರಿಚಯ ಕೇಳಿದ್ರು. ಹೆಸರು, ವಾದ್ಯ, ಸಂಗೀತದ ಹಿನ್ನೆಲೆ. ಎರಡೇ ಸಾಲು. ಅಕ್ಕ ಪಿಯಾನೋ ಗ್ರೇಡ್ ಪರೀಕ್ಷೆ ಬರೆದ್ರು. ಕಾಕಾ "ಹಿಂದೂಸ್ತಾನಿ ಹಾರ್ಮೋನಿಯಂ" ಅಂತ ಬರೆದ್ರು. ಗಿಟಾರ್ ಹುಡುಗ "ಸೆಲ್ಫ್ ಟಾಟ್" ಅಂತ ಬರೆದ. ಡ್ರಮ್ಸ್ ಹುಡುಗನೂ "ಸೆಲ್ಫ್ ಟಾಟ್" ಅಂತಲೇ ಬರೆದ.

ಎರಡೂ ಒಂದೇ ಪದ. ಆದ್ರೆ ಗಿಟಾರ್ ಹುಡುಗ ಅದನ್ನ ಬರೆದದ್ದು ಹೆಮ್ಮೆಯಿಂದ. ಯೂಟ್ಯೂಬ್ ನೋಡಿ ಕಲಿತೆ, ಯಾರ ಹಂಗೂ ಇಲ್ಲ ಅನ್ನೋ ಧಾಟಿ. ಡ್ರಮ್ಸ್ ಹುಡುಗನಿಗೆ ಅದು ಒಂದು ಬಾಗಿಲು ಮುಚ್ಚೋ ಪದ.

ಅವನ ಒಪ್ಪಿಗೆ ಕೇಳಿಯೇ ಇದನ್ನ ಹೇಳ್ತಿದ್ದೀನಿ, ಊರಿನ ಹೆಸರು ಮಾತ್ರ ಬೇಡ ಅಂದಿದ್ದಾನೆ. ಅವನು ಕೋಲಾರದ ಕಡೆಯವನು. ಅವನ ತಾತ ತಮಟೆ ಬಾರಿಸ್ತಿದ್ರು. ಜಾತ್ರೆಗೆ, ಊರಲ್ಲಿ ಸಾರೋದಕ್ಕೆ, ಸಾವಿನ ಮೆರವಣಿಗೆಗೆ. ಈ ಹುಡುಗನ ಕೈಗೆ ಮೊದಲು ಕೋಲು ಕೊಟ್ಟಿದ್ದು ಆ ತಾತ.

ತಮಟೆ ನೋಡಿರೋರಿಗೆ ಗೊತ್ತು. ಒಂದು ಕೈಯಲ್ಲಿ ದಪ್ಪ ಮೋಟು ಕೋಲು, ಇನ್ನೊಂದರಲ್ಲಿ ಸಪೂರ ಕಡ್ಡಿ. ಕಡ್ಡಿ ಬಿಡುವಿಲ್ಲದೆ ಓಡ್ತಾ ಇರುತ್ತೆ, ಮೋಟು ಕೋಲು ಬೇಕಾದ ಕಡೆ ಏಟು ಹಾಕುತ್ತೆ. ನಮ್ಮ ಹುಡುಗ ಡ್ರಮ್ಸ್ ಮೇಲೆ ಮಾಡೋದೂ ಇದನ್ನೇ. ಬಲಗೈ, ಎಡಗೈ ಎರಡೂ ಒಂದೇ ತೂಕದಲ್ಲಿ ಬೀಳಲ್ಲ. ಅದಕ್ಕೇ ಜಾನಪದ ಧಾಟಿಯ ಸಿನಿಮಾ ಹಾಡು ಬಂದಾಗ ಕಂಪ್ಯೂಟರಿನ ಲೂಪ್‌ಗೆ ಬಾರದ ಒಂದು ಎಳೆತ ಅವನ ಕೈಗೆ ಬರುತ್ತೆ. ಇನ್ನೊಂದು ವಿಷಯ, ಅವನು ನನ್ನ ಮುಖ ನೋಡಲ್ಲ, ಕಾಲು ನೋಡ್ತಾನೆ. ಕೇಳಿದ್ರೆ, "ಮೆರವಣಿಗೇಲಿ ಕುಣಿಯೋರ ಕಾಲು ನೋಡ್ಕೊಂಡೇ ಹೊಡೀಬೇಕು ಅಂತಿದ್ರು ನಮ್ ತಾತ" ಅಂದ. ಕಾರ್ಯಕ್ರಮಕ್ಕೆ ಮುಂಚೆ ಅರ್ಧ ಗಂಟೆ ಡ್ರಮ್ ಬಿಗಿ ಮಾಡ್ತಾ ಕೂರ್ತಾನೆ. ತಾತ ತಮಟೆಯನ್ನ ಬೆಂಕಿಗೆ ಹಿಡಿದು ಚರ್ಮ ಕಾಯಿಸದೆ ಒಂದು ಏಟೂ ಹಾಕ್ತಿರಲಿಲ್ಲವಂತೆ.

ಹಾಗಾದ್ರೆ "ಸೆಲ್ಫ್ ಟಾಟ್" ಯಾಕೆ? ಅವನೇ ಹೇಳಿದ: "ತಾತ ಅಂದ್ರೆ ಏನು ಬಾರಿಸ್ತಿದ್ರು ಅಂತಾರೆ. ತಮಟೆ ಅಂದ್ರೆ ಮುಂದಿನ ಪ್ರಶ್ನೆ ಯಾವುದು ಅಂತ ನಿಮಗೂ ಗೊತ್ತಲ್ಲಣ್ಣ."

ನಮಗೆಲ್ಲರಿಗೂ ಗೊತ್ತು. ಊರು ಬಿಟ್ಟು ಎಂಟುನೂರು ಕಿಲೋಮೀಟರ್ ಬಂದ್ರೂ "ನೀವು ಯಾವ ಪೈಕಿ?" ಅನ್ನೋ ಪ್ರಶ್ನೆ ನಮ್ಮ ಕನ್ನಡ ಕೂಟಗಳಲ್ಲಿ ಊಟದ ಸಾಲಿನಲ್ಲೇ ಬರುತ್ತೆ.

ಇದು ಬರೀ ನಾಚಿಕೆ ಅಂತ ತಿಳ್ಕೋಬೇಡಿ. ತಾತನಿಗೆ ತಮಟೆ ಕಲೆಯೂ ಹೌದು, ಊರು ಹೇರಿದ ಚಾಕರಿಯೂ ಹೌದು. ಕರೆದಾಗ ಹೋಗ್ಲೇಬೇಕು. ಅವನ ಅಪ್ಪ ಬೇಕಂತಲೇ ತಮಟೆಯನ್ನ ಕೆಳಗಿಟ್ರು, ಮಗನನ್ನ ಎಂಜಿನಿಯರಿಂಗ್ ಓದಿಸಿದ್ರು. ಅಪ್ಪನ ಆ ತೀರ್ಮಾನದಲ್ಲಿ ಸ್ವಾಭಿಮಾನ ಇದೆ. ತಾತನ ಕೈಯಲ್ಲಿ ವಿದ್ಯೆ ಇದೆ. ಮಗ ಎರಡನ್ನೂ ಹೊತ್ತುಕೊಂಡಿದ್ದಾನೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಪದ್ಮಶ್ರೀ ಬಂದ ವಾದ್ಯದ ಹೆಸರನ್ನ ಬ್ಯಾಂಡ್ ಪರಿಚಯದಲ್ಲಿ ಬರೆಯೋಕೆ ಒಬ್ಬ ಎಂಜಿನಿಯರ್ ಇವತ್ತಿಗೂ ಎರಡು ಸಲ ಯೋಚಿಸಬೇಕು.

ನಾವು ಅವನಿಗೆ "ಧೈರ್ಯವಾಗಿ ಬರೆಯೋ" ಅಂತ ಹೇಳಲಿಲ್ಲ. ಧೈರ್ಯದ ಬೆಲೆ ಕಟ್ಟೋನು ಅವನು, ನಾವಲ್ಲ. ಬದಲಿಗೆ ಅಕ್ಕ ಒಂದು ಮಾತು ಹೇಳಿದ್ರು. "ಈ ಹಿನ್ನೆಲೆ ಗಿನ್ನೆಲೆ ಬೇಡ. ಮೊದಲು ಕಲಿಸಿದವರು ಯಾರು ಅಂತ ಎಲ್ಲರೂ ಬರೆಯೋಣ, ಆಗಬಹುದಾ?"

ಪ್ರಶ್ನೆ ಬದಲಾದ ಕೂಡ್ಲೇ ಉತ್ತರಗಳೂ ಬದಲಾದವು ನೋಡಿ. ಅಕ್ಕ ಗ್ರೇಡ್ ಬಿಟ್ಟು, ಅಡುಗೆಮನೆಯಲ್ಲಿ ಕೊಂಕಣಿ ಗೀತೆಗಳಿಗೆ ಎರಡನೇ ದನಿ ಹಾಡ್ತಿದ್ದ ಅಜ್ಜಿಯ ಹೆಸರು ಬರೆದ್ರು. ಯಾರ ಹಂಗೂ ಇಲ್ಲದ ಗಿಟಾರ್ ಹುಡುಗನಿಗೆ, ದಾವಣಗೆರೆ ಹಾಸ್ಟೆಲ್‌ನಲ್ಲಿ ಬೆರಳು ಹಿಡಿದು ಮೊದಲ ಮೂರು ಕಾರ್ಡ್ ಕೂರಿಸಿಕೊಟ್ಟ ಸೀನಿಯರ್ ನೆನಪಾದ.

ಕಾಕಾ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ "ನಮ್ಮಪ್ಪ ನಾಟಕ ಕಂಪನ್ಯಾಗ ಪೇಟಿ ಮಾಸ್ತರ ಇದ್ರು" ಅಂದ್ರು. ಇಷ್ಟು ವರ್ಷದಲ್ಲಿ ನಮಗೆ ಗೊತ್ತೇ ಇರಲಿಲ್ಲ! ಪುಣೆಯಲ್ಲಿ ಧಾರವಾಡ ಅಂದ್ರೆ ಭೀಮಸೇನ ಜೋಶಿಯವರ ನೆನಪು. ಹಿಂದೂಸ್ತಾನಿ ಅಂದ್ರೆ ಒಂದು ತೂಕ, ಕಂಪನಿ ನಾಟಕದ ಪೇಟಿ ಅಂದ್ರೆ ಇನ್ನೊಂದು ತೂಕ. ಆದ್ರೆ ಜೋಶಿಯವರ ಗುರು, ಕುಂದಗೋಳದ ಸವಾಯಿ ಗಂಧರ್ವರು ನಾಟಕ ಕಂಪನಿಯಲ್ಲಿ ಹಾಡಿ ಹೆಸರಾದವರೇ. 1953ರಲ್ಲಿ ಶಿಷ್ಯ ಇದೇ ಪುಣೆಯಲ್ಲಿ ಶುರು ಮಾಡಿದ ಉತ್ಸವಕ್ಕೆ ಆ ಗುರುವಿನ ಹೆಸರೇ ಇದೆ.

ಮುಂಬೈಯಲ್ಲಿ ಕೇಳ್ತಿರೋರಿಗೆ ಇನ್ನೊಂದು ಉದಾಹರಣೆ. ಹಿಂದಿ ಸಿನಿಮಾದ ವಾದ್ಯಗೋಷ್ಠಿಗಳಲ್ಲಿ ಗೋವಾದ ಎಷ್ಟೋ ವಾದಕರು ಇದ್ರು, ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಕಲಿತು ಬಂದವರು. ರೆಕಾರ್ಡಿನ ಮೇಲೆ ಅವರ ಹೆಸರು ಬರ್ತಿದ್ದದ್ದು ಅಪರೂಪ. ಅಂಥ ಒಬ್ಬರು ಪಿಟೀಲು ವಾದಕ ಆಂಥೋನಿ ಗೊನ್ಸಾಲ್ವಿಸ್. ಅವರ ಶಿಷ್ಯ, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್. 1977ರ "ಅಮರ್ ಅಕ್ಬರ್ ಆಂಥೋನಿ" ಸಿನಿಮಾದ ಹಾಡಿನಲ್ಲಿ ಆ ಗುರುವಿನ ಹೆಸರು ಬಂತು. ದೇಶಕ್ಕೆಲ್ಲ ಹೆಸರು ಬಾಯಿಪಾಠ, ಮನುಷ್ಯ ಯಾರು ಅಂತ ಗೊತ್ತಿದ್ದೋರು ಕಡಿಮೆ. ಆದ್ರೂ ಶಿಷ್ಯ ಹೆಸರು ಹೇಳಿದ.

ನಮ್ಮ ಡ್ರಮ್ಸ್ ಹುಡುಗ ಏನು ಬರೆದ? "ತಾತನಿಂದ ಕಲಿತದ್ದು." ಅಷ್ಟೇ. ತಮಟೆ ಅಂತ ಬರೆಯಲಿಲ್ಲ. ನಿರೂಪಕಿ ಓದಿದ್ರು, ಜನ ಚಪ್ಪಾಳೆ ತಟ್ಟಿದ್ರು, ನಾವು ನುಡಿಸಿದ್ವಿ. ಅವನು ಆ ವಿಡಿಯೋವನ್ನ ಊರಿಗೆ ಕಳಿಸಿದ. ಅವನ ಅಪ್ಪ ಫೋನ್ ಮಾಡಿ "ಅಲ್ಲೂ ತಾತನ ಹೆಸರು ಎತ್ತಿದ್ಯಾ?" ಅಂತ ಮಾತ್ರ ಕೇಳಿದ್ರಂತೆ. ಖುಷಿಯಲ್ಲೋ ಆತಂಕದಲ್ಲೋ ಅಂತ ಇವನಿಗೆ ಇನ್ನೂ ತಿಳಿದಿಲ್ಲ.

ನೀವು ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ದೆಹಲಿಯಲ್ಲೋ ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ರೆ, ಒಂದು ಸಂಜೆ ವಾದ್ಯ ಕೆಳಗಿಟ್ಟು ಈ ಪ್ರಶ್ನೆ ಕೇಳಿ: ನಿಮಗೆ ಮೊದಲು ಕಲಿಸಿದವರು ಯಾರು? ಯಾರಿಗೆ ಎಷ್ಟು ಹೇಳ್ಬೇಕು ಅನಿಸುತ್ತೋ ಅಷ್ಟೇ ಹೇಳಲಿ, ಅದಕ್ಕಿಂತ ಮುಂದಿನ ಪ್ರಶ್ನೆ ಕೇಳಬೇಡಿ. ಕಾರ್ಯಕ್ರಮ ನಡೆಸೋ ಕನ್ನಡ ಸಂಘದವರಿಗೂ ಇದೇ ಮಾತು. ಪರಿಚಯದ ಅರ್ಜಿಯಲ್ಲಿ "ಹಿನ್ನೆಲೆ" ಅನ್ನೋ ಜಾಗದಲ್ಲಿ "ಕಲಿಸಿದವರು" ಅಂತ ಹಾಕಿ. ಊಟದ ಸಾಲಿನಲ್ಲಿ ನಿಂತಾಗ ಡ್ರಮ್ಸ್ ಹುಡುಗನ ಹತ್ತಿರ ಹಾಡಿನ ವಿಷಯ ಮಾತಾಡಿ, ಪೈಕಿಯ ವಿಷಯ ಬೇಡ.