ವಾಚನಾಲಯದ ಕಂಪ್ಯೂಟರು ಯಾರ ಆಸ್ತಿ?

(ಗ್ರಂಥಾಲಯದ ಓದುಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೋದ ತಿಂಗಳು ನಾವು ನಾಲ್ವರು ಈ ಸೀಮೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿದ್ದೆವು. ಗೋಡೆಗೆ ಹೊಸ ಬಣ್ಣ, ಬಾಗಿಲ ಮೇಲೆ 'ಅರಿವು ಕೇಂದ್ರ' ಎಂಬ ಹೊಸ ಹಲಗೆ. ಮೇಜಿನ ಮೇಲೆ ಕಂಪ್ಯೂಟರು. ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಹೊದಿಕೆ. ಯಾರಾದರೂ ಬಳಸುತ್ತಾರೆಯೆ ಎಂದು ಕೇಳಿದೆವು. "ಕೆಟ್ಟುಹೋದರೆ ನನ್ನ ಸಂಬಳದಲ್ಲಿ ಹಿಡಿದಾರು ಸ್ವಾಮಿ" ಎಂದರು ಮೇಲ್ವಿಚಾರಕರು. ಅವರನ್ನು ದೂರಲು ನಮಗೆ ಮನಸ್ಸು ಬರಲಿಲ್ಲ; ಆ ಸಂಬಳ ಎಂಥದೆಂದು ನಿಮಗೂ ಗೊತ್ತು. ಆದರೆ ಅದೇ ಹೊತ್ತಿನಲ್ಲಿ ಎದುರಿನ ಅಂಗಡಿಯಲ್ಲಿ ಒಬ್ಬ ಅಜ್ಜಿ ತನ್ನ ಪಡಿತರ ಚೀಟಿ ಚಾಲ್ತಿಯಲ್ಲಿದೆಯೆ ಎಂದು ನೋಡಿಸಲು ಐವತ್ತು ರೂಪಾಯಿ ಎಣಿಸಿ ಕೊಡುತ್ತಿದ್ದಳು. ಆ ಮಾಹಿತಿಗೆ ಸರಕಾರ ಬಿಡಿಕಾಸನ್ನೂ ಕೇಳುವುದಿಲ್ಲ. ರಸ್ತೆಯ ಈಚೆಗೆ ಪುಕ್ಕಟೆ, ಆಚೆಗೆ ಅರ್ಧ ದಿನದ ಊಟದ ದುಡ್ಡು. ಇವತ್ತಿನ ನಮ್ಮ ಮಾತು ಆ ರಸ್ತೆಯನ್ನು ದಾಟುವುದರ ಬಗ್ಗೆ.

ಗ್ರಂಥಾಲಯ ಧರ್ಮಕ್ಕೆ ಬಂದದ್ದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಬೀಳುತ್ತದೆ; ಈಗ ಅದು ರೂಪಾಯಿಗೆ 6 ಪೈಸೆ. ಬಾಡಿಗೆ ಮನೆಯವನೂ ಬಾಡಿಗೆಯಲ್ಲಿ ಇದನ್ನು ತೆರುತ್ತಾನೆ. (ಕರ ವಸೂಲು ಮಾಡಿ ಗ್ರಂಥಾಲಯಕ್ಕೆ ದಾಟಿಸದೆ ಕೂಡಿಟ್ಟುಕೊಳ್ಳುವ ಸ್ಥಳೀಯ ಸಂಸ್ಥೆಗಳ ಕತೆ ಬೇರೆಯೇ ಇದೆ, ಅದಕ್ಕೆ ಇನ್ನೊಂದು ಸಭೆ ಬೇಕು.) 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಐದು ಸಾವಿರಕ್ಕೂ ಮಿಕ್ಕಿ ಇವೆ. ಹೀಗಿರುವಾಗ ಆ ಯಂತ್ರದ ಮುಂದೆ ಕೂರುವುದು ನಮ್ಮ ಹಕ್ಕು. ಕೂತು ಏನು ನೋಡಬೇಕು?

ಮೊದಲು ಪುಸ್ತಕಗಳು. 'ಇಂಟರ್ನೆಟ್ ಆರ್ಕೈವ್' ಎಂಬ ಭಂಡಾರವಿದೆ. 1996ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ್ದು, ಲಾಭಕ್ಕಾಗಿ ನಡೆಯುವುದಲ್ಲ. ಅಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿವೆ. ಬಹುಪಾಲು ನಮ್ಮ ದೇಶದಲ್ಲೇ ಪುಟಪುಟವಾಗಿ ಚಿತ್ರ ತೆಗೆದವು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ'ದ ಕೆಲಸ. ಆ ತಾಣ ಆಮೇಲೆ ಮುಚ್ಚಿತು, ಪ್ರತಿಗಳು ಇಲ್ಲಿ ಉಳಿದುಕೊಂಡವು. ತೆರೆದರೆ ಎಷ್ಟೋ ಕನ್ನಡ ಪುಸ್ತಕಗಳ ಮೊದಲ ಪುಟದಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮುದ್ರೆ. ನಿಜಾಮನ ರಾಜ್ಯದಲ್ಲಿದ್ದ ಕಲಬುರಗಿ, ರಾಯಚೂರು, ಬೀದರಿನ ಹುಡುಗರು ಕಾಲೇಜು ಓದಲು ಹೋಗುತ್ತಿದ್ದುದು ಅಲ್ಲಿಗೇ. ಈಗ ಅದೇ ಊರಿನ ಪುಸ್ತಕ ರಾಯಚೂರಿನ ಹಳ್ಳಿಗೆ ಟಿಕೇಟಿಲ್ಲದೆ ಬರುತ್ತದೆ.

ಒಂದು ತೊಡಕುಂಟು. ಪಟ್ಟಿ ಬರೆದವರಿಗೆ ಕನ್ನಡ ಬಾರದು. ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬಾಯಿಗೆ ಬಂದ ಹಾಗೆ ಬರೆದಿದ್ದಾರೆ. ಆದಕಾರಣ ಒಂದು ಬಗೆಯಲ್ಲಿ ಸಿಗದಿದ್ದರೆ ದೀರ್ಘ ಬಿಟ್ಟು, ಒತ್ತು ತೆಗೆದು, 'ಶ'ಕಾರಕ್ಕೆ 'ಸ'ಕಾರ ಹಾಕಿ ಮತ್ತೆ ಹುಡುಕಬೇಕು. ನಮ್ಮ ಜೊತೆಯ ಮೇಷ್ಟರೊಬ್ಬರಿಗೆ ಬೇಕಾದ ವ್ಯಾಕರಣ ಸಿಕ್ಕಿದ್ದು ಆರನೆಯ ಸಲಕ್ಕೆ.

ಇದೆಲ್ಲ ಕದ್ದ ಮಾಲಲ್ಲವೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವನ ವಾರಸುದಾರರದು. 1992ರವರೆಗೆ ಅದು 50 ಇತ್ತು. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಬಿ.ಎಂ.ಶ್ರೀ. ಮತ್ತು ಕೈಲಾಸಂ 1946ರಲ್ಲಿ. ಅವರ ಬರಹ ಇಂದು ಸಮಸ್ತರ ಸೊತ್ತು. ಕುವೆಂಪು 1994ರವರೆಗೆ ಬದುಕಿದ್ದರು. ಅವರದು 2054ರ ಕೊನೆಯವರೆಗೆ ಹಾಗಲ್ಲ. ಭಂಡಾರದಲ್ಲಿ ಎರಡು ಬಗೆಯವೂ ಬೆರೆತಿವೆ. ಬದುಕಿರುವ ಲೇಖಕನ ಪುಸ್ತಕವನ್ನು ಕೊಂಡೇ ಓದೋಣ, ಅಥವಾ ಗ್ರಂಥಾಲಯ ಕೊಳ್ಳುವಂತೆ ಬಲವಂತ ಮಾಡೋಣ. ಬರೆಯುವವನೂ ದುಡಿಯುವವನೇ.

ಹಕ್ಕುದಾರರೇ ಮನಸಾರೆ ಬಿಟ್ಟುಕೊಟ್ಟದ್ದೂ ಉಂಟು. ಮೈಸೂರು ವಿಶ್ವವಿದ್ಯಾನಿಲಯ ತನ್ನ 14 ಸಂಪುಟದ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿತು; ಅದರ ಲೇಖನಗಳು ಕನ್ನಡ ವಿಕಿಸೋರ್ಸಿನಲ್ಲಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷ ಪದಗಳಿವೆ, ಅದೂ ಪುಕ್ಕಟೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ಇನ್ನಷ್ಟು ನಿಘಂಟುಗಳು. ಪರೀಕ್ಷೆಗೆ ಕೂರುವ ಮಕ್ಕಳಿಗೆ ಪಠ್ಯಪುಸ್ತಕ ಸಂಘದ ತಾಣದಲ್ಲಿ ಶಾಲೆಯ ಪುಸ್ತಕಗಳೆಲ್ಲ ಇವೆ; ಆಷಾಢ ಕಳೆದರೂ ಪುಸ್ತಕ ಬರಲಿಲ್ಲವೆಂದು ಸುಮ್ಮನೆ ಕೂರಬೇಕಾಗಿಲ್ಲ.

ಇನ್ನು ಹೊಟ್ಟೆಪಾಡಿನ ವಿಷಯ. ಪಹಣಿಯನ್ನು ಕಂದಾಯ ಇಲಾಖೆಯ 'ಭೂಮಿ' ತಾಣದಲ್ಲಿ ನೋಡುವುದಕ್ಕೆ ದುಡ್ಡಿಲ್ಲ. ಅಧಿಕೃತ ಪ್ರತಿಗೆ ಮಾತ್ರ ಶುಲ್ಕ. 9ನೆಯ ಕಾಲಮ್ಮಿನಲ್ಲಿ ಯಾರ ಹೆಸರಿದೆ, 11ನೆಯದರಲ್ಲಿ ಯಾವ ಸಾಲ ಕೂತಿದೆ ಎಂದು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ನೋಡಿಕೊಳ್ಳಿ. ಅಣ್ಣತಮ್ಮಂದಿರ ವ್ಯಾಜ್ಯಗಳು ಎಷ್ಟೋ ಸಲ ಯಾರೂ ನೋಡದ ಒಂದು ಸಾಲಿನಿಂದ ಹುಟ್ಟಿವೆ. 'ಮಾಹಿತಿ ಕಣಜ' ಎಂಬ ಸರಕಾರಿ ತಾಣದಲ್ಲಿ ನ್ಯಾಯಬೆಲೆ ಅಂಗಡಿ, ಪಡಿತರ ಚೀಟಿಗಳ ವಿವರವಿದೆ. ರಾಜಸ್ಥಾನದ ಕೂಲಿಕಾರರು, ರೈತರು ಲೆಕ್ಕ ತೋರಿಸಿ ಎಂದು ವರ್ಷಗಟ್ಟಲೆ ಧರಣಿ ಕೂತಿದ್ದರ ಫಲವಾಗಿ 2005ರಲ್ಲಿ ಮಾಹಿತಿ ಹಕ್ಕು ಕಾಯದೆ ಬಂತು, 2019ರಲ್ಲಿ ಅಲ್ಲಿಯೇ 'ಜನ ಸೂಚನಾ' ತಾಣ ತೆರೆಯಿತು. ಅಲ್ಲಿ ಬೆವರು ಸುರಿಸಿದವರ ಫಲವನ್ನು ನಾವಿಲ್ಲಿ ಬಟ್ಟೆ ಹೊದಿಸಿ ಮುಚ್ಚಿಟ್ಟಿದ್ದೇವೆ. ತಾಣದಲ್ಲಿ ಸಿಗದ ಲೆಕ್ಕವನ್ನು ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ ಕೇಳಬಹುದು.

ಒಂದು ಎಚ್ಚರಿಕೆ. ಹತ್ತು ಜನ ಮುಟ್ಟುವ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು, ಪಕ್ಕದಲ್ಲಿ ಕೂತು ಸಹಾಯ ಮಾಡುವವನಿಗೂ, ಹೇಳಬೇಡಿ. ಏಳುವ ಮುನ್ನ ತೆರೆದ ಖಾತೆಯನ್ನು ಮುಚ್ಚಿ, ಇಳಿಸಿಕೊಂಡ ಕಾಗದಗಳನ್ನು ಅಳಿಸಿ. ಆಧಾರ್ ಪ್ರತಿಯನ್ನು ಮೇಜಿನ ಮೇಲೆ ಬಿಟ್ಟು ಹೋದವರನ್ನು ನಾವೇ ಬೀದಿಯವರೆಗೆ ಓಡಿ ಕರೆತಂದಿದ್ದೇವೆ.

ಆ ಹಳ್ಳಿಯ ಮೇಲ್ವಿಚಾರಕರ ಭಯಕ್ಕೂ ಉತ್ತರ ಬೇಕಲ್ಲ. ಯಂತ್ರ ಬಳಕೆಯಿಂದ ಕೆಟ್ಟರೆ ದುರಸ್ತಿಯ ಹೊಣೆ ಪಂಚಾಯಿತಿಯದು, ನೌಕರನ ಸಂಬಳದ್ದಲ್ಲ ಎಂದು ಬರೆದುಕೊಡಿ ಎಂಬ ಮನವಿಯನ್ನು ನಾವು ಸಿದ್ಧಪಡಿಸಿದ್ದೇವೆ. ಬಾಗಿಲ ಬಳಿಯ ಮೇಜಿನ ಮೇಲಿದೆ, ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾವು ಅಲ್ಲಿಗೆ ಮತ್ತೆ ಹೋಗುತ್ತೇವೆ. ಎದುರಂಗಡಿಯ ಅಜ್ಜಿಗೂ ಹೇಳಿ ಕಳಿಸಿದ್ದೇವೆ. ನೀವು ಬರುವಾಗ ಪಡಿತರ ಚೀಟಿಯ ನಂಬರು, ಹೊಲದ ಸರ್ವೆ ನಂಬರು ಬರೆದುಕೊಂಡು ಬನ್ನಿ.